ಜಾಕ್ ಸ್ಟೀನ್ ಎಂಟು ವರ್ಷ ಆಲ್ಬಿಯನ್ ರೋವರ್ಸ್‌ನಲ್ಲೇ ಯಾಕೆ ಉಳಿದರು?

ಹಲಸೂರಿನವ:
ಜಾಕ್ ಸ್ಟೀನ್ ಅಂದರೆ ನನಗೆ ಗೊತ್ತಿದ್ದದ್ದು 1967ರ ಸೆಲ್ಟಿಕ್ (ಸ್ಕಾಟ್ಲೆಂಡ್‌ನ ದೊಡ್ಡ ಫುಟ್‌ಬಾಲ್ ಕ್ಲಬ್) ಮಾತ್ರ. ಲಿಸ್ಬನ್‌ನಲ್ಲಿ ಇಂಟರ್ ಮಿಲಾನನ್ನು 2-1ರಿಂದ ಸೋಲಿಸಿ ಯುರೋಪಿಯನ್ ಕಪ್ ತಂದ ಮ್ಯಾನೇಜರ್. ಆಟಗಾರರಾಗಿ ಅವರು 1942ರಿಂದ 1950ರವರೆಗೆ ಆಲ್ಬಿಯನ್ ರೋವರ್ಸ್‌ನಲ್ಲಿದ್ದರು ಅಂತ ನಿನ್ನೆ ಓದಿದೆ. ಅಷ್ಟು ಸಣ್ಣ ಕ್ಲಬ್‌ನಲ್ಲಿ ಅಷ್ಟು ವರ್ಷ ಯಾಕೆ? ಆಟ ಸಾಧಾರಣವಾಗಿತ್ತಾ?

ಲ್ಯಾನಾರ್ಕ್‌ಶೈರ್ ಅಕ್ಕ:
ನಾನು ಸ್ಕಾಟ್ಲೆಂಡ್‌ನ ಕೋಟ್‌ಬ್ರಿಜ್ ಹತ್ತಿರವೇ ಇರುವುದು. ರೋವರ್ಸ್ ಮೈದಾನ ಕ್ಲಿಫ್ಟನ್‌ಹಿಲ್‌ಗೆ ಆಗಾಗ ಹೋಗುತ್ತೇನೆ, ಅದಕ್ಕೇ ಈ ಪ್ರಶ್ನೆ ನೋಡಿ ಸುಮ್ನೆ ಇರಲಾಗಲಿಲ್ಲ.

ಫುಟ್‌ಬಾಲ್ ಅವರ ಎರಡನೇ ಕೆಲಸ. ಮೊದಲನೆಯದು ಕಲ್ಲಿದ್ದಲು ಗಣಿ. ಹುಟ್ಟಿದ್ದು 1922ರಲ್ಲಿ, ಇಲ್ಲೇ ಬರ್ನ್‌ಬ್ಯಾಂಕ್‌ನಲ್ಲಿ. ಹದಿಹರೆಯದಲ್ಲೇ ಗಣಿಗೆ ಇಳಿದರು. ಯುದ್ಧದ ಕಾಲದಲ್ಲಿ ದೇಶಕ್ಕೆ ಕಲ್ಲಿದ್ದಲು ಬೇಕಿತ್ತು, ಹಾಗಾಗಿ ಗಣಿ ಕೆಲಸಗಾರರನ್ನು ಸೈನ್ಯಕ್ಕೆ ಕರೆಯಲಿಲ್ಲ. ವಾರವೆಲ್ಲ ನೆಲದಡಿ, ಶನಿವಾರ ಮೈದಾನ. ರೋವರ್ಸ್ ಕೊಡುತ್ತಿದ್ದ ದುಡ್ಡಿನಲ್ಲಿ ಗಣಿ ಬಿಡುವಂತಿರಲಿಲ್ಲ. ಆಗ ಕೆಳಗಿನ ಡಿವಿಷನ್ನಿನ ಎಷ್ಟೋ ಆಟಗಾರರ ಬದುಕು ಹೀಗೇ ಇತ್ತು.

ಇನ್ನು ಆಟ. 1948ರಲ್ಲಿ ರೋವರ್ಸ್ ಬಿ ಡಿವಿಷನ್ನಿನಲ್ಲಿ ಎರಡನೇ ಸ್ಥಾನ ಪಡೆದು ಎ ಡಿವಿಷನ್ನಿಗೆ ಏರಿತು. ಮರುವರ್ಷ 30 ಪಂದ್ಯಗಳಲ್ಲಿ 3 ಗೆಲುವು, 2 ಡ್ರಾ, 25 ಸೋಲು. ಒಟ್ಟು 8 ಪಾಯಿಂಟ್. ವಾರ ವಾರ ಸೋಲುವ ತಂಡದ ಸೆಂಟರ್ ಹಾಫ್ (ರಕ್ಷಣೆಯ ಸಾಲಿನ ನಡುವೆ ಆಡುವವ; ಸ್ಟೀನ್ ಆಡುತ್ತಿದ್ದದ್ದು ಅಲ್ಲೇ) ಎಷ್ಟು ಚೆನ್ನಾಗಿ ಆಡಿದರೂ ಯಾರ ಕಣ್ಣಿಗೆ ಬೀಳುತ್ತಾನೆ ಹೇಳಿ?

ಎಡಗಾಲು:
ಅಕ್ಕ ಹೇಳಿದ್ದು ಸರಿ, ಆದರೆ ಅವರು ದೊಡ್ಡ ಕೌಶಲದ ಆಟಗಾರ ಆಗಿರಲಿಲ್ಲ ಅನ್ನುವುದೂ ನಿಜ ಅಲ್ವಾ? ಸ್ಕಾಟ್ಲೆಂಡ್ ಪರ ಒಂದು ಪಂದ್ಯವನ್ನೂ ಆಡಲಿಲ್ಲ.

ಲ್ಯಾನಾರ್ಕ್‌ಶೈರ್ ಅಕ್ಕ:
ಒಪ್ಪುತ್ತೇನೆ. ಅವರ ಬಲ ಇದ್ದದ್ದು ಆಟವನ್ನು ಓದುವುದರಲ್ಲಿ, ಜೊತೆಗಿರುವವರನ್ನು ನಡೆಸುವುದರಲ್ಲಿ. ಅದನ್ನು ಗುರುತಿಸುವವರು ಬೇಕಿತ್ತು.

1950ರಲ್ಲಿ ಅವರು ವೇಲ್ಸ್‌ಗೆ ಹೋದರು. ಸೇರಿದ ಕ್ಲಬ್ ಲ್ಯಾನೆಲಿ, ಅದು ಮುಖ್ಯ ಲೀಗ್‌ನ ಹೊರಗಿನದು. ಆದರೂ ವಾರಕ್ಕೆ 12 ಪೌಂಡ್ ಕೊಟ್ಟಿತು. 27ನೇ ವಯಸ್ಸಿನಲ್ಲಿ ಮೊದಲ ಸಲ ಗಣಿ ಬಿಟ್ಟು ಬರೀ ಫುಟ್‌ಬಾಲ್ ಆಡಿದರು. ಅಷ್ಟರಲ್ಲಿ ಇಲ್ಲಿ ಹ್ಯಾಮಿಲ್ಟನ್‌ನಲ್ಲಿದ್ದ ಅವರ ಮನೆಗೆ ಕಳ್ಳರು ನುಗ್ಗಿದರು. ಸಂಸಾರದ ಚಿಂತೆಯಲ್ಲಿ ಊರಿಗೆ ಮರಳಲು ಹೊರಟರು. ಮತ್ತೆ ಗಣಿಗೇ ಇಳಿಯಬೇಕಾಗುತ್ತಿತ್ತೇನೋ.

ಆಗ ಸೆಲ್ಟಿಕ್‌ನ ರಿಸರ್ವ್ ತಂಡ ನೋಡಿಕೊಳ್ಳುತ್ತಿದ್ದ ಜಿಮ್ಮಿ ಗ್ರಿಬನ್‌ಗೆ ಈ ಹಳೆಯ ಸೆಂಟರ್ ಹಾಫ್ ನೆನಪಾದರು. 1951ರ ಡಿಸೆಂಬರ್‌ನಲ್ಲಿ 1,200 ಪೌಂಡಿಗೆ ಕರೆತಂದರು, ಅದೂ ರಿಸರ್ವ್ ತಂಡದ ಹುಡುಗರಿಗೆ ಆಟ ಹೇಳಿಕೊಡಲಿ ಅಂತ. ಮೊದಲ ತಂಡದ ಡಿಫೆಂಡರ್‌ಗಳಿಗೆ ಪೆಟ್ಟಾಗಿತ್ತು, ಇವರು ಒಳಗೆ ಬಂದರು, ಮತ್ತೆ ಹೊರಗೆ ಹೋಗಲಿಲ್ಲ. 1954ರಲ್ಲಿ ಸೆಲ್ಟಿಕ್ ಲೀಗ್ ಮತ್ತು ಸ್ಕಾಟಿಷ್ ಕಪ್ ಎರಡನ್ನೂ ಗೆದ್ದಾಗ ಇವರೇ ಕ್ಯಾಪ್ಟನ್. 1914ರ ನಂತರ ಕ್ಲಬ್‌ಗೆ ಅದೇ ಮೊದಲ ಜೋಡಿ ಗೆಲುವು. ಮರುವರ್ಷ ಕಣಕಾಲಿಗೆ ಬಿದ್ದ ಪೆಟ್ಟು ಸರಿಹೋಗಲಿಲ್ಲ, 1957ರಲ್ಲಿ ಆಟ ನಿಲ್ಲಿಸಿದರು.

ನನಗೆ ಲಿಸ್ಬನ್‌ಗಿಂತ ಆ 25 ಸೋಲಿನ ವರ್ಷವೇ ಜಾಸ್ತಿ ಕಾಡುತ್ತದೆ. ಶನಿವಾರ ಸೋತು, ಸೋಮವಾರ ಮತ್ತೆ ಗಣಿಗೆ ಇಳಿಯುತ್ತಿದ್ದ ಮನುಷ್ಯ.

ಹಲಸೂರಿನವ:
ತುಂಬಾ ಥ್ಯಾಂಕ್ಸ್ ಅಕ್ಕ. ರೋವರ್ಸ್ ಈಗಲೂ ಆಡುತ್ತಿದೆಯಾ?

ಲ್ಯಾನಾರ್ಕ್‌ಶೈರ್ ಅಕ್ಕ:
ಆಡುತ್ತಿದೆ. 2023ರಲ್ಲಿ ಐದನೇ ಹಂತದ ಲೋಲ್ಯಾಂಡ್ ಲೀಗ್‌ಗೆ ಇಳಿಯಿತು, ಆ ದಿನ ನನಗೆ ಊಟ ಸೇರಲಿಲ್ಲ. ಈ ಕಡೆ ಬಂದರೆ ಹೇಳಿ, ಒಟ್ಟಿಗೆ ಕ್ಲಿಫ್ಟನ್‌ಹಿಲ್‌ಗೆ ಹೋಗೋಣ.