ಅಮೇರಿಕಾದ ಕಾಲೇಜ್ ಪ್ಲೇಯರ್ಸ್‌ಗೆ ದುಡ್ಡು ಬಂದ್ಮೇಲೆ ಟೀಮ್ ಮೇಲಿನ ನಿಯತ್ತು ಹೋಯ್ತಾ?

ಜಯನಗರ_ಶೀನ:
ನಮ್ ಭಾವ ಇರೋದು ಟೆನೆಸ್ಸೀಲಿ, ಅವ್ರ ಸಹವಾಸ ಮಾಡಿ ನಂಗೂ ಅಲ್ಲಿನ ಕಾಲೇಜ್ ಫುಟ್ಬಾಲ್ ಹುಚ್ಚು ಹತ್ಕೊಂಡಿದೆ (ನಮ್ ಫುಟ್ಬಾಲ್ ಅಲ್ಲ, ಹೆಲ್ಮೆಟ್ ಹಾಕ್ಕೊಂಡು ಗುದ್ದಾಡೋದು). 2024ರ ಸೀಸನ್‌ನಲ್ಲಿ ಅವ್ರ ಟೀಮನ್ನ ಪ್ಲೇಆಫ್‌ವರ್ಗೂ ಕರ್ಕೊಂಡು ಹೋದ ಕ್ವಾರ್ಟರ್‌ಬ್ಯಾಕ್ (ಟೀಮಿನ ಆಟ ನಡೆಸೋ ಮುಖ್ಯ ಪ್ಲೇಯರ್) ನಿಕೊ ಇಯಾಮಲೆಯಾವಾ ಅಂತ, 2025 ಏಪ್ರಿಲ್‌ನಲ್ಲಿ ಒಂದಿನ ಪ್ರಾಕ್ಟೀಸ್‌ಗೇ ಬರ್ಲಿಲ್ಲ, ದುಡ್ಡು ಜಾಸ್ತಿ ಮಾಡಿ ಅಂತ ಮಾತುಕತೆ ನಡೀತಿತ್ತು ಅಂತ ಪೇಪರ್‌ಗಳಲ್ಲೆಲ್ಲಾ ಬಂತು, ಕೋಚು ನೀನಿಲ್ದೆನೇ ಆಡ್ತೀವಿ ಹೋಗಪ್ಪ ಅನ್ನೋ ಥರ ಮಾತಾಡಿದ್ರು, ಹುಡುಗ ಹೋಗಿ ಲಾಸ್ ಏಂಜಲಿಸ್‌ನ ಯುಸಿಎಲ್ಎ ಯೂನಿವರ್ಸಿಟಿ ಸೇರ್ಕೊಂಡ. ಭಾವನ ಮುಂದೆ ಇವತ್ತಿಗೂ ಅವನ ಹೆಸ್ರು ಎತ್ತೋ ಹಾಗಿಲ್ಲ.

ನಂಗೆ ಅರ್ಥ ಆಗ್ದೇ ಇರೋದು ಏನಂದ್ರೆ, ಇವರಿಗೆ ದುಡ್ಡು ಕೊಡ್ತಾರೆ ಅಂದ್ಮೇಲೆ ಕಾಂಟ್ರಾಕ್ಟ್ ಇರ್ಬೇಕಲ್ವಾ? ಐಪಿಎಲ್‌ನಲ್ಲಿ ಆರ್‌ಸಿಬಿ ಪ್ಲೇಯರ್ ಸೀಸನ್ ಮುಗಿದ ಮಾರ್ನೇ ದಿನ ನಾನು ಚೆನ್ನೈಗೆ ಹೋಗ್ತೀನಿ ಅಂತ ಎದ್ದು ಹೋಗಕ್ಕಾಗಲ್ಲ. ಇಲ್ಲಿ ಹೆಂಗಾಗತ್ತೆ? ಗೊತ್ತಿರೋರು ಹೇಳಿ.

ಓಹಾಯೋ_ರಿಟರ್ನ್:
ಎರಡು ವರ್ಷ ಅಲ್ಲಿ ಎಂಎಸ್ ಮಾಡ್ಕೊಂಡು ವಾಪಸ್ ಬಂದೋನು, ಈಗಲೂ ಬನಶಂಕರೀಲಿ ಕೂತು ಭಾನುವಾರ ಬೆಳಗಿನ ಜಾವ ಅಲಾರ್ಮ್ ಇಟ್ಕೊಂಡು ಮ್ಯಾಚ್ ನೋಡ್ತೀನಿ, ಹಂಗಾಗಿ ಸ್ವಲ್ಪ ಉದ್ದ ಬರೀತೀನಿ, ಬೈಬೇಡಿ.

ಮೊದಲು ಅಲ್ಲಿ ಸ್ಕಾಲರ್‌ಶಿಪ್ ಬಿಟ್ರೆ ಪ್ಲೇಯರ್ ಕೈಗೆ ಕಾಸು ಬರೋ ಹಾಗಿರ್ಲಿಲ್ಲ. ಟೀವಿ ಹಕ್ಕು, ಟಿಕೆಟ್ಟು, ಜೆರ್ಸಿ ಎಲ್ಲಾ ದುಡ್ಡು ಯೂನಿವರ್ಸಿಟಿಗೆ. ಬೇರೆ ಕಾಲೇಜಿಗೆ ಹೋದ್ರೆ ದೊಡ್ಡ ಆಟಗಳಲ್ಲಿ ಒಂದ್ ವರ್ಷ ಬೆಂಚ್ ಕಾಯ್ಬೇಕು, ಅದಕ್ಕೇ ಹೆಚ್ಚು ಜನ ಹೋಗ್ತಿರ್ಲಿಲ್ಲ. 2018ರ ಅಕ್ಟೋಬರ್‌ನಲ್ಲಿ ಟ್ರಾನ್ಸ್‌ಫರ್ ಪೋರ್ಟಲ್ ಬಂತು, ನಾನು ಹೊರಡ್ತಿದೀನಿ ಅಂತ ಹೆಸ್ರು ಹಾಕಿದ್ರೆ ಬೇರೆ ಕೋಚ್‌ಗಳು ಮಾತಾಡಿಸ್ಬಹುದು. 2021ರಲ್ಲಿ ಎರಡೂ ಬಾಗಿಲು ಒಟ್ಟಿಗೇ ತೆರೀತು ನೋಡಿ, ಬೆಂಚ್ ಕಾಯದೇನೇ ಒಂದು ಸಲ ಕಾಲೇಜ್ ಬದ್ಲಾಯಿಸ್ಬಹುದು ಅಂತಾಯ್ತು, ಜುಲೈ 1ರಿಂದ ಸ್ವಂತ ಹೆಸ್ರು, ಮುಖ ಇಟ್ಕೊಂಡು ಜಾಹೀರಾತು ದುಡ್ಡು ತಗೋಬಹುದು ಅಂತಾನೂ ಆಯ್ತು. ಇದಕ್ಕೆ ಎನ್‌ಐಎಲ್ ಅಂತಾರೆ. ಆಮೇಲೆ 2024ರಲ್ಲಿ ಓದು ಸರಿ ಇದ್ರೆ ಎಷ್ಟು ಸಲ ಬೇಕಾದ್ರೂ ಹೋಗಿ ಅಂತ ಬಿಟ್ಟೇಬಿಟ್ರು. ಕಾಲೇಜಿನ ಶ್ರೀಮಂತ ಅಭಿಮಾನಿಗಳು ಸೇರ್ಕೊಂಡು ಕಲೆಕ್ಟಿವ್ ಅಂತ ಕಟ್ಟಿ ಅದೇ ಜಾಹೀರಾತು ಹೆಸ್ರಲ್ಲಿ ಸಂಬಳಾನೇ ಕೊಡೋಕೆ ಶುರು ಮಾಡಿದ್ರು.

ಈಗ ಹೊಸ ಕಥೆ, ಹೌಸ್ ಸೆಟ್ಲ್‌ಮೆಂಟು, ಅಂದ್ರೆ ದುಡ್ಡಿನ ವಿಷ್ಯಕ್ಕೆ ಪ್ಲೇಯರ್ಸ್ ಹಾಕಿದ್ದ ಕೇಸ್‌ನ ರಾಜಿ ಒಪ್ಪಂದ. 2025 ಜೂನ್‌ನಲ್ಲಿ ಜಡ್ಜ್ ಕ್ಲಾಡಿಯಾ ವಿಲ್ಕೆನ್ ಒಪ್ಪಿಗೆ ಕೊಟ್ರು. ಹಳೇ ಪ್ಲೇಯರ್ಸ್‌ಗೆ ಹತ್ತು ವರ್ಷದಲ್ಲಿ ಸುಮಾರು 280 ಕೋಟಿ ಡಾಲರ್ ಪರಿಹಾರ, ಜೊತೆಗೆ 2025-26ರಿಂದ ಒಂದೊಂದು ಯೂನಿವರ್ಸಿಟಿ ನೇರವಾಗಿ ಪ್ಲೇಯರ್ಸ್‌ಗೆ ದುಡ್ಡು ಕೊಡ್ಬಹುದು, ಮೊದಲ ವರ್ಷದ ಮಿತಿ ಸುಮಾರು 2.05 ಕೋಟಿ ಡಾಲರ್. ಅಂದ್ರೆ ಕಾಂಟ್ರಾಕ್ಟ್ ಇದೆ ಶೀನ, ಆದ್ರೆ ಅದು ನೌಕರಿ ಕಾಂಟ್ರಾಕ್ಟ್ ಅಲ್ಲ! ನಿನ್ ಹೆಸ್ರು, ಫೋಟೋ ಬಳಸ್ಕೊಳ್ಳೋಕೆ ಲೈಸೆನ್ಸ್ ಕೊಡು, ನಾವು ದುಡ್ಡು ಕೊಡ್ತೀವಿ, ಇಷ್ಟೇ. ನೌಕರರು ಅಂತ ಒಪ್ಕೊಂಡ್ರೆ ಯೂನಿಯನ್ನು, ಇನ್ಶೂರೆನ್ಸು, ಓವರ್‌ಟೈಮು ಎಲ್ಲಾ ಬರತ್ತಲ್ಲ, ಅದಕ್ಕೇ ಆ ಪದದ ಹತ್ರಾನೂ ಹೋಗಲ್ಲ. ಯೂನಿಯನ್ ಇಲ್ಲ ಅಂದ್ರೆ ಎಲ್ರೂ ಕೂತು ಮಾತಾಡಿ ಒಪ್ಕೊಂಡ ಟ್ರಾನ್ಸ್‌ಫರ್ ರೂಲ್ ಇಲ್ಲ, ಅಂಥ ಒಪ್ಪಂದ ಇಲ್ದೆ ತಾವೇ ರೂಲ್ ಮಾಡಿ ತಡೆದ್ರೆ ಕೋರ್ಟು ಬಿಡಲ್ಲ. ಎಲ್ಲಾ ಗಲಾಟೆ ಬೇರು ಇಲ್ಲಿದೆ.

ಗಾಂಧಿಬಜಾರ್_ಗುಂಡಣ್ಣ:
ಏನೇ ಹೇಳಿ ಸಾರ್, ಇದು ಸಂತೆ ವ್ಯಾಪಾರ. ಅಲ್ಲಿ ಕಾಲೇಜ್ ಆಟದ ಮಜಾನೇ ನಮ್ಮೂರು ನಮ್ ಹುಡುಗ್ರು ಅನ್ನೋದಾಗಿತ್ತು, ನಾಲ್ಕು ವರ್ಷ ಒಬ್ನೇ ಹುಡುಗ ಕಣ್ಮುಂದೆ ಬೆಳೆಯೋದನ್ನ ನೋಡೋದು. ಈಗ ಪ್ರತಿ ವರ್ಷ ಹೊಸ ಹೆಸ್ರು. ಇಂಡಿಯಾನಾ ಯೂನಿವರ್ಸಿಟಿ ನೋಡಿ, ಕೋಚ್ ಸಿಗ್ನೆಟಿ ಬರುವಾಗ ಹಳೇ ಕಾಲೇಜಿಂದ ಹತ್ತಕ್ಕೂ ಹೆಚ್ಚು ಪ್ಲೇಯರ್ಸ್‌ನ ಜೊತೇಲೇ ಕರ್ಕೊಂಡು ಬಂದ್ರು, 2025ರಲ್ಲಿ ಹೈಸ್‌ಮನ್ (ವರ್ಷದ ಬೆಸ್ಟ್ ಪ್ಲೇಯರ್ ಪ್ರಶಸ್ತಿ) ಗೆದ್ದ ಅವ್ರ ಮೆಂಡೋಜಾ ಕೂಡ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿ ಬಿಟ್ಟು ಬಂದೋನು. ಗೆದ್ರು ಸರಿ, ಆದ್ರೆ ಆ ಸಣ್ಣ ಕಾಲೇಜಿನ ಅಭಿಮಾನಿ ಗತಿ ಏನು? ಅವ್ನು ಬೆಳೆಸಿದ್ದು, ಇವ್ರು ಕೊಯ್ದಿದ್ದು.

ಓಹಾಯೋ_ರಿಟರ್ನ್:
ಗುಂಡಣ್ಣ, ಪಾಪ ಅನ್ಸತ್ತೆ ಒಪ್ತೀನಿ. ಆದ್ರೆ ಆ ಕೋಚ್‌ನ ಯಾಕೆ ಯಾರೂ ನಿಯತ್ತಿಲ್ದೋನು ಅನ್ನಲ್ಲ? 2023ರಲ್ಲಿ ಟೆಕ್ಸಾಸ್ ಎ ಅಂಡ್ ಎಂನವ್ರು ಜಿಂಬೋ ಫಿಶರ್‌ನ ಮನೆಗೆ ಕಳಿಸೋಕೆ ಕಟ್ಟಬೇಕಾಗಿ ಬಂದಿದ್ದು ಸುಮಾರು 7.6 ಕೋಟಿ ಡಾಲರ್, ಕೆಲ್ಸ ಮಾಡ್ಬೇಡಿ ಅಂತ ಹೇಳೋಕೆ! ಶೀನ ಹೇಳಿದ ಆ ನಿಕೊ ಯುಸಿಎಲ್ಎಗೆ ಹೋದ್ನಲ್ಲ, ಅಲ್ಲಿ ಅವನನ್ನ ಸೇರಿಸ್ಕೊಂಡ ಕೋಚ್‌ನ ಮೂರು ಮ್ಯಾಚ್ ಸೋತಿದ್ದಕ್ಕೆ ತೆಗೆದ್ಬಿಟ್ರು. ಹುಡುಗ ಯಾರಿಗೆ ನಿಯತ್ತಾಗಿರ್ಬೇಕು ಹೇಳಿ, ಜೆರ್ಸಿ ಬಣ್ಣಕ್ಕಾ?

ಮೈದಾನ_ಮಾಮ:
ಇಲ್ಲೇ ಬೆಂಗಳೂರಲ್ಲಿ ಕಾಲೇಜ್ ಹುಡುಗ್ರಿಗೆ ತುಂಬಾ ವರ್ಷ ಅಥ್ಲೆಟಿಕ್ಸ್ ಹೇಳ್ಕೊಟ್ಟೋನು ನಾನು, ನಮ್ ಕಡೆ ಕಥೆ ಹೇಳ್ತೀನಿ ಕೇಳಿ. ಇಲ್ಲಿ ಕೈಗೆ ಸಂಬಳ ಇಲ್ಲ ಅಷ್ಟೇ, ಫ್ರೀ ಸೀಟು, ಹಾಸ್ಟೆಲ್ಲು, ಊಟ, ಶೂ, ಇದೂ ದುಡ್ಡೇ ತಾನೆ. ಪಿಯುಸಿಲಿ ಸ್ಟೇಟ್ ಮೆಡಲ್ ಬಂದ ಹುಡುಗನ ಮನೆಗೆ ಎರಡ್ಮೂರು ಕಾಲೇಜಿನೋರು ಬರ್ತಾರೆ. ಆಮೇಲೆ ಹುಡುಗನಿಗೆ ಗಾಯ ಆಯ್ತು ಅಂದ್ರೆ ಎರಡನೇ ವರ್ಷ ಫೀಸ್ ಕಟ್ಟು ಅಂತಾರೆ, ಬಿಟ್ಟು ಹೋಗ್ತೀನಿ ಅಂದ್ರೆ ಒರಿಜಿನಲ್ ಮಾರ್ಕ್ಸ್‌ಕಾರ್ಡ್ ಕೊಡಲ್ಲ. ಹೆಸ್ರು ಬೇಡ, ನನ್ ಹುಡುಗ ಒಬ್ಬನಿಗೆ ಹಿಂಗೇ ಆಗಿ ಆಫೀಸ್ ಮುಂದೆ ಅವ್ರಪ್ಪ ಕೂತಿದ್ದು ನೋಡಿದೀನಿ. ಯುಜಿಸಿ 2018ರಲ್ಲೇ ಒರಿಜಿನಲ್ ಇಟ್ಕೊಳ್ಳೋ ಹಾಗಿಲ್ಲ ಅಂತ ಹೇಳಿದೆ, ಎಷ್ಟು ಜನ ಪೋಷಕರಿಗೆ ಗೊತ್ತು?

ಇನ್ನೊಂದು. ಒಂದ್ ಕಾಲದಲ್ಲಿ ನಮ್ಮೂರಲ್ಲಿ ಎಚ್‌ಎಎಲ್, ಐಟಿಐ, ಬಿಇಎಂಎಲ್ ಟೀಮ್‌ಗಳಿದ್ವಲ್ಲ, ಅಲ್ಲಿ ಆಡೋರು ರಿಟೈರ್ ಆಗೋವರ್ಗೂ ಅಲ್ಲೇ. ನಾವೆಲ್ಲಾ ಅದನ್ನ ಸಂಸ್ಥೆ ಮೇಲಿನ ಪ್ರೀತಿ ಅಂತಿದ್ವಿ. ಪ್ರೀತಿನೂ ಇತ್ತು, ಇಲ್ಲ ಅನ್ನಲ್ಲ, ಆದ್ರೆ ಕ್ವಾರ್ಟರ್ಸು, ಪಿಎಫ್ಫು, ಗ್ರಾಚ್ಯುಟಿನೂ ಇತ್ತು. ಮೂವತ್ತೈದಕ್ಕೆ ಮಂಡಿ ಹೋದ್ರೂ ಮೇಜು ಕುರ್ಚಿ ಇರೋದು.

ವಕೀಲ_ಕೆಂಗೇರಿ:
ಮಾಮ ಹೇಳಿದ್ದು ನೂರಕ್ಕೆ ನೂರು. ಕಾಂಟ್ರಾಕ್ಟ್ ವಿಷ್ಯ ನಾನು ಸ್ವಲ್ಪ ಸೇರಿಸ್ತೀನಿ. ಅಲ್ಲಿ ವಿಸ್ಕಾನ್ಸಿನ್ ಯೂನಿವರ್ಸಿಟಿ ಝೇವಿಯರ್ ಲೂಕಸ್ ಅನ್ನೋ ಫುಟ್ಬಾಲ್ ಹುಡುಗನ ಹೆಸ್ರನ್ನ ಪೋರ್ಟಲ್‌ಗೆ ಹಾಕಲ್ಲ, ನಮ್ ಜೊತೆ ಕಾಂಟ್ರಾಕ್ಟ್ ಇದೆ ಅಂತು. ಹುಡುಗ ಪೋರ್ಟಲ್ಲೂ ಬೇಡ ಏನೂ ಬೇಡ ಅಂತ ಕಾಲೇಜೇ ಬಿಟ್ಟು ಮಯಾಮಿಗೆ ಹೋಗಿ ಸಾಮಾನ್ಯ ವಿದ್ಯಾರ್ಥಿ ಥರ ಅಡ್ಮಿಷನ್ ಮಾಡಿಸ್ಕೊಂಡ. 2025 ಜೂನ್‌ನಲ್ಲಿ ವಿಸ್ಕಾನ್ಸಿನ್ ಕೇಸ್ ಹಾಕಿದ್ದು ಹುಡುಗನ ಮೇಲಲ್ಲ, ಮಯಾಮಿ ಯೂನಿವರ್ಸಿಟಿ ಮೇಲೆ, ನಮ್ ಕಾಂಟ್ರಾಕ್ಟ್ ಮಧ್ಯ ಕೈ ಹಾಕಿದ್ರಿ ಅಂತ. ಅದಕ್ಕೇ ಈಗ ಬೈಔಟ್ ಬರೀತಿರೋದು, ಹೋಗು, ಆದ್ರೆ ನೀನೋ ಹೊಸ ಕಾಲೇಜೋ ಇಷ್ಟು ಕಟ್ಟಿ ಹೋಗಿ ಅಂತ. ನನ್ ಪ್ರಕಾರ ಇದೇ ಸರಿ ದಾರಿ, ಕೋಚ್‌ಗಳಿಗೆ ಮೊದಲಿಂದ ಇರೋದನ್ನೇ ಪ್ಲೇಯರ್ಸ್‌ಗೂ ಹಾಕ್ತಿದಾರೆ.

ನಮ್ಮಲ್ಲಿ ಕಾಂಟ್ರಾಕ್ಟ್ ಕಾಯ್ದೆ 27ನೇ ಸೆಕ್ಷನ್ ಇದೆ, ಒಬ್ಬನ ಉದ್ಯೋಗಕ್ಕೆ ಅಡ್ಡ ಹಾಕೋ ಒಪ್ಪಂದ ನಿಲ್ಲಲ್ಲ. ಜಹೀರ್ ಖಾನ್ ಕೇಸ್ 2006ರಲ್ಲಿ ಸುಪ್ರೀಂ ಕೋರ್ಟ್‌ವರ್ಗೂ ಹೋಯ್ತು. ಅವ್ರ ಏಜೆಂಟ್ ಕಂಪ್ನಿ, ಒಪ್ಪಂದ ಮುಗಿದ್ಮೇಲೂ ಬೇರೆಯವ್ರು ಕೊಡೋ ಆಫರ್ ಮೊದಲು ನಮಗೆ ತೋರಿಸ್ಬೇಕು, ಅಷ್ಟೇ ದುಡ್ಡು ನಾವು ಕೊಟ್ರೆ ನಮ್ಮತ್ರಾನೇ ಇರ್ಬೇಕು ಅಂತಿತ್ತು, ಅವಧಿ ಮುಗಿದ್ಮೇಲೆ ಅದೆಲ್ಲಾ ನಡೆಯಲ್ಲ ಅಂತ ಕೋರ್ಟ್ ಹೇಳ್ತು. ಮತ್ತೆ ಹದಿನೆಂಟು ತುಂಬದ ಮಕ್ಕಳ ಸಹಿಗೆ ಇಲ್ಲಿ ಬೆಲೆನೇ ಇಲ್ಲ, ಅಪ್ಪ ಅಮ್ಮ ಯಾವ್ದಕ್ಕೆ ಸಹಿ ಹಾಕ್ತಿದೀರಾ ಅಂತ ಓದಿ ಸ್ವಾಮಿ.

ಗಾಂಧಿಬಜಾರ್_ಗುಂಡಣ್ಣ:
ಕಾನೂನು ಓಕೆ ವಕೀಲ್ರೇ. ಆದ್ರೆ ವಿನಯ್ ಕುಮಾರ್ ಪುದುಚೇರಿಗೆ ಹೋದಾಗ ನಂಗೆ ಹೊಟ್ಟೆ ಉರೀತು. ಎರಡು ಸಲ ಸತತವಾಗಿ ರಣಜಿ ಗೆಲ್ಲಿಸ್ಕೊಟ್ಟ ಕ್ಯಾಪ್ಟನ್ನು.

ಜಯನಗರ_ಶೀನ:
ಕರುಣ್ ನಾಯರ್ ಕಥೆ ಉಲ್ಟಾ ಅಲ್ವಾ ಗುಂಡಣ್ಣ. ಇಲ್ಲಿ ಟೀಮಲ್ಲಿ ಜಾಗ ಸಿಗ್ಲಿಲ್ಲ, 2023ರಲ್ಲಿ ಎನ್‌ಒಸಿ ತಗೊಂಡು ವಿದರ್ಭಕ್ಕೆ ಹೋದ್ರು, 2024-25ರ ರಣಜಿ ಫೈನಲ್‌ನಲ್ಲಿ ಸೆಂಚುರಿ ಹೊಡೆದು ಅವ್ರಿಗೆ ಕಪ್ ಕೊಡ್ಸಿ, ವಾಪಸ್ ಕರ್ನಾಟಕಕ್ಕೇ ಬಂದ್ರು. ಚಿನ್ನಸ್ವಾಮೀಲಿ ಯಾರಾದ್ರೂ ಬೈದ್ರಾ?

ಈಜುಗಾರ್ತಿ_ಅಮ್ಮ:
ಮಧ್ಯ ಬಾಯಿ ಹಾಕ್ತಿದೀನಿ, ಕ್ಷಮಿಸಿ. ನನ್ ಮಗಳು ಬಸವನಗುಡಿ ಪೂಲ್‌ನಲ್ಲಿ ಈಜ್ತಾಳೆ, ಈಗ ಪಿಯುಸಿ. ಏಜೆಂಟ್ ಒಬ್ರು ಅಮೇರಿಕಾ ಕಾಲೇಜ್ ಸೇರ್ಸಿದ್ರೆ ಸ್ಕಾಲರ್‌ಶಿಪ್ ಜೊತೆ ಎನ್‌ಐಎಲ್ ದುಡ್ಡೂ ಬರತ್ತೆ ಮೇಡಂ, ಇಷ್ಟ ಆಗ್ಲಿಲ್ಲ ಅಂದ್ರೆ ಪೋರ್ಟಲ್‌ನಲ್ಲಿ ಬೇರೆ ಕಾಲೇಜ್ ಅಂತಿದಾರೆ. ನಿಜಾನಾ?

ಓಹಾಯೋ_ರಿಟರ್ನ್:
ಮೇಡಂ ನಿಧಾನ. ಆ ಕೇಸ್‌ಗೆ ಹೌಸ್ ಅಂತ ಹೆಸ್ರು ಬಂದಿದ್ದೇ ಗ್ರ್ಯಾಂಟ್ ಹೌಸ್ ಅನ್ನೋ ಅರಿಜೋನಾ ಸ್ಟೇಟ್ ಈಜುಗಾರನಿಂದ, ಆದ್ರೆ ಈಜುಗಾರರಿಗೆ ಸಿಗೋದು ಚೂರು ಪಾರು. ದೊಡ್ಡ ಕಾಲೇಜುಗಳು ಸಾಮಾನ್ಯವಾಗಿ ಹಂಚೋದು ಹೆಚ್ಚುಕಮ್ಮಿ 75% ಫುಟ್ಬಾಲ್, 15% ಗಂಡು ಹುಡುಗರ ಬ್ಯಾಸ್ಕೆಟ್‌ಬಾಲ್, 5% ಹೆಣ್ಮಕ್ಕಳ ಬ್ಯಾಸ್ಕೆಟ್‌ಬಾಲ್, ಮಿಕ್ಕಿದ್ದೆಲ್ಲಾ ಆಟಕ್ಕೂ ಸೇರಿ ಉಳಿದ 5%. ಎರಡನೇದು, ನಿಮ್ ಮಗಳು ಹೋಗೋದು ಎಫ್-1 ಅನ್ನೋ ಸ್ಟೂಡೆಂಟ್ ವೀಸಾದಲ್ಲಿ. ಅದ್ರಲ್ಲಿ ಕ್ಯಾಂಪಸ್ ಹೊರಗೆ ಪರ್ಮಿಷನ್ ಇಲ್ದೆ ಕೆಲ್ಸ ಮಾಡೋ ಹಾಗಿಲ್ಲ, ಜಾಹೀರಾತಿಗೆ ಪೋಸ್ ಕೊಡೋದೂ ಕೆಲ್ಸ ಅಂತ ಲೆಕ್ಕ ಹಾಕಿದ್ರೆ ವೀಸಾಗೇ ಕುತ್ತು. ಕೆಂಟಕಿಯ ಬ್ಯಾಸ್ಕೆಟ್‌ಬಾಲ್ ಸ್ಟಾರ್ ಆಸ್ಕರ್ ಶೀಬ್ವೇ ಕಾಂಗೋ ದೇಶದೋನು, 2022ರಲ್ಲಿ ಟೀಮ್ ಬಹಾಮಾಸ್‌ಗೆ ಹೋದಾಗ ಅಲ್ಲಿ ಜಾಹೀರಾತು ಕೆಲ್ಸ ಮುಗಿಸ್ಕೊಂಡು ಬಂದ, ಅಮೇರಿಕಾ ನೆಲದ ಮೇಲೆ ಮಾಡ್ಬಾರ್ದು ಅಂತ.

ಸ್ಕಾಲರ್‌ಶಿಪ್ ಬಗ್ಗೆ ಕೇಳಿ. ಮೊದ್ಲು ಹೆಣ್ಮಕ್ಕಳ ಈಜಿಗೆ ಟೀಮ್‌ಗೆ 14 ಸ್ಕಾಲರ್‌ಶಿಪ್ ಮಿತಿ ಇತ್ತು, ಹೌಸ್ ಒಪ್ಪಂದಕ್ಕೆ ಸೇರಿದ ಕಾಲೇಜುಗಳಲ್ಲಿ ಆ ಮಿತಿ ಹೋಗಿ ಟೀಮ್‌ನಲ್ಲಿ 30 ಜನ ಅಂತ ರೋಸ್ಟರ್ ಮಿತಿ ಬಂದಿದೆ. ಅಷ್ಟೂ ಜನಕ್ಕೆ ಸ್ಕಾಲರ್‌ಶಿಪ್ ಕೊಡ್ಬಹುದು ಅಂತ ರೂಲ್, ಕೊಡ್ಲೇಬೇಕು ಅಂತಿಲ್ಲ. ಪೋರ್ಟಲ್‌ಗೆ ಹೆಸ್ರು ಹಾಕಿದ್ರೆ ಹಳೇ ಕಾಲೇಜು ಮುಂದಿನ ಸ್ಕಾಲರ್‌ಶಿಪ್ ನಿಲ್ಲಿಸ್ಬಹುದು, ಹೊಸ ಕಾಲೇಜ್ ಸಿಗ್ಲಿಲ್ಲ ಅಂದ್ರೆ ಎರಡೂ ಇಲ್ಲ. ಏಜೆಂಟ್‌ಗೆ ಮೂರೇ ಪ್ರಶ್ನೆ ಕೇಳಿ: ಸ್ಕಾಲರ್‌ಶಿಪ್ ಎಷ್ಟು ವರ್ಷಕ್ಕೆ, ಗಾಯ ಆದ್ರೆ ಇರತ್ತಾ, ಕೋಚ್ ಹೋದ್ರೆ ಇರತ್ತಾ. ಉತ್ತರ ಕಾಲೇಜಿನ ಲೆಟರ್‌ಹೆಡ್ ಮೇಲೆ ಬರ್ಬೇಕು, ವಾಟ್ಸಾಪ್‌ನಲ್ಲಿ ಅಲ್ಲ.

ಈಜುಗಾರ್ತಿ_ಅಮ್ಮ:
ತುಂಬಾ ಥ್ಯಾಂಕ್ಸ್. ಅವ್ರು ಮೊದಲ ಕಂತು ಶನಿವಾರದೊಳಗೆ ಕಟ್ಟಿ ಅಂತಿದ್ರು, ನಾನು ಕಟ್ಟಲ್ಲ ಈಗ. ವಕೀಲ್ರೇ, ಅವ್ರು ಕೊಟ್ಟಿರೋ ಅಗ್ರಿಮೆಂಟ್ ಹನ್ನೊಂದು ಪುಟ ಇದೆ, ಮಗಳ ಸಹಿನೂ ಕೇಳಿದಾರೆ, ಅವಳಿಗಿನ್ನೂ ಹದಿನೇಳು. ಮೆಸೇಜ್ ಮಾಡ್ಲಾ?

ವಕೀಲ_ಕೆಂಗೇರಿ:
ಮಾಡಿ ಮೇಡಂ. ಅಲ್ಲಿವರ್ಗೂ ಯಾರೂ ಪೆನ್ ಮುಟ್ಬೇಡಿ.