ಸಹಾಯ ಬೇಕು: ಇಲಾಖಾ ವಿಚಾರಣೆ ನಡೆಸದೆ ಇನ್‌ಕ್ರಿಮೆಂಟ್ ಕಾಯಂ ಆಗಿ ತಡೆಯಬಹುದಾ?

ಎಲ್ಲರಿಗೂ ನಮಸ್ಕಾರ. ನಮ್ಮಣ್ಣ ರಾಯಚೂರು ಜಿಲ್ಲೆಯಲ್ಲಿ ಸರ್ಕಾರಿ ನೌಕರ, ದ್ವಿತೀಯ ದರ್ಜೆ ಸಹಾಯಕ. ಒಂದು ಕಡತ ತಡವಾಯಿತು ಎಂದು ಅವನಿಗೆ ನೋಟಿಸ್ ಬಂದಿತ್ತು. 1957ರ ಸಿಸಿಎ ನಿಯಮಗಳ (ರಾಜ್ಯ ಸರ್ಕಾರಿ ನೌಕರರ ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ ನಿಯಮಗಳು) ನಿಯಮ 12ರ ಅಡಿ, ಅಂದರೆ ಸಣ್ಣ ದಂಡನೆಯ ನೋಟಿಸ್. ಕಡತ ಬೇರೆ ಟೇಬಲ್‌ನಲ್ಲಿತ್ತು ಎಂದು ಚಲನವಲನ ವಹಿಯ (ಕಡತ ಯಾವಾಗ ಯಾರ ಬಳಿ ಹೋಯಿತು ಎಂದು ಬರೆಯುವ ಪುಸ್ತಕ) ನಕಲು ಇಟ್ಟು ಉತ್ತರ ಕೊಟ್ಟ. ಆಮೇಲೆ ಬಂದ ದಂಡನೆಯ ಆದೇಶದಲ್ಲಿ ಅದರ ಮಾತೇ ಇಲ್ಲ. 'ಸಮಜಾಯಿಷಿ ಸಮಾಧಾನಕರವಾಗಿಲ್ಲ' ಎಂಬ ಒಂದೇ ಸಾಲು. ಎರಡು ವಾರ್ಷಿಕ ವೇತನ ಬಡ್ತಿ ತಡೆದಿದ್ದಾರೆ, ಅದೂ 'ಸಂಚಿತ ಪರಿಣಾಮದೊಂದಿಗೆ'.

ನಮ್ಮ ಸಂಕಟ ಆ ಕೊನೆಯ ಮಾತಿನದೇ. ಸುಮ್ನೆ ತಡೆದರೆ ಅವಧಿ ಮುಗಿದ ಮೇಲೆ ಸಂಬಳ ಸರಿಹೋಗುತ್ತದೆ. ಹೀಗೆ ತಡೆದರೆ ನಿವೃತ್ತಿಯವರೆಗೂ ಕಡಿಮೆ, ಪಿಂಚಣಿಗೂ ಪೆಟ್ಟು. ಇದು ಸಣ್ಣ ದಂಡನೆ ಹೇಗಾಗುತ್ತದೆ? 1990ರಲ್ಲಿ ಪಂಜಾಬಿನ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ದೊಡ್ಡ ದಂಡನೆ ಎಂದೇ ಹೇಳಿದೆ, ವಿಚಾರಣೆ ಬೇಕು ಎಂದಿದೆ. ಅಣ್ಣನಿಗೆ ದೋಷಾರೋಪಣ ಪಟ್ಟಿ ಕೊಟ್ಟಿಲ್ಲ, ಸಾಕ್ಷಿ ಕರೆದಿಲ್ಲ.

ಕಚೇರಿಯಲ್ಲಿ ಕೇಳಿದರೆ 'ಅಪೀಲು ಹಾಕಿಕೊಳ್ಳಿ' ಎನ್ನುತ್ತಾರೆ. ಪರಿಚಯದ ವಕೀಲರು ನೇರವಾಗಿ ಕಲಬುರಗಿಯ ಕೆಎಟಿ (ಸರ್ಕಾರಿ ನೌಕರರ ಸೇವಾ ವಿವಾದ ಕೇಳುವ ಕರ್ನಾಟಕ ಆಡಳಿತ ನ್ಯಾಯಮಂಡಳಿ) ಪೀಠಕ್ಕೆ ಹೋಗೋಣ ಎನ್ನುತ್ತಾರೆ. ಮೊದಲು ಇಲಾಖೆಯಲ್ಲಿ ಮೇಲ್ಮನವಿ ಹಾಕದಿದ್ದರೆ ಅಲ್ಲಿ ಅರ್ಜಿ ನಿಲ್ಲುವುದಿಲ್ಲ ಅಂತ ಇನ್ನೊಬ್ಬರು. ಅಣ್ಣ ಸರಿಯಾಗಿ ಊಟ ಮಾಡುತ್ತಿಲ್ಲ, ನೋಡಲಾಗುತ್ತಿಲ್ಲ.

ಇಂಥ ಕೇಸು ನಡೆಸಿದವರು, ಶಿಸ್ತು ಶಾಖೆಯಲ್ಲಿ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ: ನಿಯಮ 11ರ (ದೊಡ್ಡ ದಂಡನೆಗೆ ಬೇಕಾದ) ವಿಚಾರಣೆ ಇಲ್ಲದೆ ಸಂಚಿತ ಪರಿಣಾಮದ ಆದೇಶ ನಮ್ಮ ರಾಜ್ಯದಲ್ಲಿ ನಿಲ್ಲುತ್ತದಾ? ಮೊದಲು ಮೇಲ್ಮನವಿಯೋ, ನೇರವಾಗಿ ಕೆಎಟಿಯೋ?