ಸುವರ್ಣಗಡ್ಡೆ: ಹೆಚ್ಚಿದರೆ ಕೈ ತುರಿಕೆ, ತಿಂದರೆ ಗಂಟಲು. ಏನು ಮಾಡಲಿ?

ಧಾರವಾಡದ ಸೊಸೆ:
ನಮ್ಮ ಅತ್ತೆಗೆ ಮೂಲವ್ಯಾಧಿ. ಯಾರೋ ಸುವರ್ಣಗಡ್ಡೆ ಒಳ್ಳೆಯದು ಅಂದರು. ಸೂಪರ್ ಮಾರ್ಕೆಟ್‌ನಿಂದ ಒಂದು ಕೆಜಿ ತುಂಡು ತಂದೆ, ಮೈತುಂಬಾ ಮಣ್ಣು. ಚೆನ್ನಾಗಿ ತೊಳೆದು ಹೆಚ್ಚಲು ಕೂತೆ. ಅರ್ಧ ಮುಗಿಯುವಷ್ಟರಲ್ಲಿ ಮೊಣಕೈವರೆಗೂ ತುರಿಕೆ! ಸೋಪು ಹಚ್ಚಿದರೂ ಹೋಗಲಿಲ್ಲ. ಸುಮ್ನೆ ಒಗ್ಗರಣೆ ಹಾಕಿ ಪಲ್ಯ ಮಾಡಿದೆ. ಅತ್ತೆ ಎರಡು ತುತ್ತು ತಿಂದು ತಟ್ಟೆ ಸರಿಸಿದರು. "ನನಗ ಮೂಲವ್ಯಾಧಿನ ಇರ್ಲಿ ಬಿಡವಾ" ಅಂದರು. ಉಳಿದ ಅರ್ಧ ಗಡ್ಡೆ ಮೂಲೆಯಲ್ಲಿ ಕೂತು ನನ್ನನ್ನೇ ನೋಡುತ್ತಿದೆ.

ಶಿರಸಿಯಿಂದ ಹುಬ್ಬಳ್ಳಿಗೆ:
ತಂಗೀ, ಮೊದಲು ಕೈಗೆ ಹುಣಸೆ ಹಚ್ಚಿ ತಿಕ್ಕು. ಗಡ್ಡೆಯೊಳಗೆ ಕ್ಯಾಲ್ಸಿಯಂ ಆಕ್ಸಲೇಟಿನ ಹರಳುಗಳಿರುತ್ತವೆ, ಸೂಜಿಯಂಥವು. ಚುಚ್ಚುವುದು ಅವೇ. ನಮ್ಮ ಕಡೆ ಒಣ ಗಡ್ಡೆಯನ್ನೇ, ಕೈಗೆ ಎಣ್ಣೆ ಸವರಿಕೊಂಡು ಹೆಚ್ಚುತ್ತೇವೆ. ತೊಳೆಯುವುದು ಆಮೇಲೆ. ಸಿಪ್ಪೆ ದಪ್ಪಗೆ ತೆಗೆ. ಹೋಳುಗಳನ್ನು ಹುಣಸೆ ನೀರಿನಲ್ಲಿ ಅರ್ಧ ತಾಸು ಇಟ್ಟು ಆ ನೀರು ಚೆಲ್ಲು. ಮತ್ತೆ ಹುಳಿ ಹಾಕಿ, ಬೆರಳಲ್ಲಿ ಒತ್ತಿದರೆ ಒಡೆಯುವಷ್ಟು ಬೇಯಿಸು. ಅರೆಬೆಂದರೆ ಕಡಿತ ತಪ್ಪಲ್ಲ. ಹುಳಿ ಮಜ್ಜಿಗೆಯೂ ಆಗುತ್ತದೆ. ಕೆಸುವಿನ ಎಲೆಯ ಪತ್ರೊಡೆಗೆ ಹುಣಸೆ ಹಾಕುವುದೂ ಇದಕ್ಕೇ, ಕೆಸುವೂ ಇದೇ ಜಾತಿ.
ಆಯುರ್ವೇದದಲ್ಲಿ ಈ ಗಡ್ಡೆಗೆ ಅರ್ಶೋಘ್ನ ಅನ್ನುವ ಹೆಸರೇ ಇದೆ. ಅರ್ಶ ಅಂದರೆ ಮೂಲವ್ಯಾಧಿ. ಆದರೆ ರಕ್ತ ಹೋಗುತ್ತಿದ್ದರೆ ಡಾಕ್ಟರಿಗೆ ತೋರಿಸು. ಕಿಡ್ನಿ ಕಲ್ಲು ಆದವರಿಗೆ ಇದು ಬೇಡ.

ಮುಂಡರಗಿ ರೈತ:
ಗಡ್ಡೆ ಅಂದರೆಲ್ಲ ಮದ್ದು ಅಂದುಕೊಂಡು ಬೇಲಿ ಅಗೆಯುವವರಿಗೆ ಒಂದು ಮಾತು. ನಮ್ಮ ಹೊಲ ಕಪ್ಪತಗುಡ್ಡದ ಬದಿಗಿದೆ. ಮಳೆ ಬಿದ್ದ ಮೇಲೆ ಬದುವಿನಲ್ಲಿ ಗೌರಿ ಹೂ ಬಳ್ಳಿ ಹಬ್ಬುತ್ತದೆ. ಹೂ ಕೆಂಪು-ಹಳದಿ, ಬೆಂಕಿಯ ನಾಲಿಗೆ ಹಾಗೆ. ಹೋದ ವರ್ಷ ಕೆಲಸಕ್ಕೆ ಬಂದ ಹುಡುಗ ಅದರ ಗಡ್ಡೆ ಕಿತ್ತು, ಗೆಣಸು ಅಂತ ಸುಡಲು ಹೊರಟಿದ್ದ. ಕಸಿದು ಎಸೆದೆ. ನೇಗಿಲ ಹಾಗೆ ಬಾಗಿರುತ್ತದೆ, ಅದಕ್ಕೇ ಲಾಂಗಲಿ ಅಂತಲೂ ಹೆಸರು. ಅದರಲ್ಲಿರುವ ಕೋಲ್ಚಿಸಿನ್ ಅನ್ನುವ ವಿಷ ಗೌಟ್ ಎಂಬ ಕೀಲುನೋವಿನ ಮಾತ್ರೆಗೆ ಬರುತ್ತದೆ, ನಿಜ. ಗಡ್ಡೆಯನ್ನೇ ತಿಂದರೆ ವಾಂತಿ-ಭೇದಿಯಿಂದ ಶುರುವಾಗಿ ಜೀವವೇ ಹೋಗಬಹುದು. ಬೇಯಿಸಿದರೂ ವಿಷ ಹೋಗಲ್ಲ.

ಧಾರವಾಡದ ಸೊಸೆ:
ಅಕ್ಕಾ, ಹುಣಸೆ ಹಾಕಿ ಬೇಯಿಸಿದೆ. ಅತ್ತೆ ಎರಡನೇ ಸಲ ಹಾಕಿಸಿಕೊಂಡರು! ಆದರೆ ಮೊದಲ ತುತ್ತು ನನಗೇ ತಿನ್ನಿಸಿ, ಐದು ನಿಮಿಷ ಮುಖ ನೋಡುತ್ತಾ ಕೂತಿದ್ದರು.